ಪೇಟೆಗೆ ಹೋದ ರೈತನ ಊಟ



ಮಾರುಕಟ್ಟೆಯ ಮಾತು ಬಂದಾಗಲೆಲ್ಲ ನಾವು ಧಾರಣೆ, ತೇವಾಂಶ, ತೂಕ, ಚೀಲ, ಸಾಗಣೆ ಇವುಗಳ ಬಗ್ಗೆ ಓದುತ್ತೇವೆ, ಮಾತಾಡುತ್ತೇವೆ. ಅವೆಲ್ಲ ಬೇಕಾದ ಮಾತುಗಳೇ. ಆದರೆ ಮಾಲಿನ ಜೊತೆಗೆ ಒಬ್ಬ ಮನುಷ್ಯನೂ ಪೇಟೆಗೆ ಬಂದಿರುತ್ತಾನೆ, ಅವನಿಗೂ ಒಂದು ಹೊಟ್ಟೆ ಇದೆ ಎಂಬುದನ್ನು ಮರೆತೇಬಿಡುತ್ತೇವೆ. ಕಾಳು ತಂದವನು ಬೆಳಗಿನಿಂದ ಏನು ಉಂಡ, ಎಲ್ಲಿ ಉಂಡ, ಯಾರ ದುಡ್ಡಿನಲ್ಲಿ ಉಂಡ? ಇದು ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ವಾಸ್ತವವಾಗಿ ಇದು ಧಾರಣೆಯ ಪ್ರಶ್ನೆಯೇ ಆಗಿದೆ ಎಂಬುದು ನನ್ನ ಅಭಿಪ್ರಾಯ. ಅದನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ಉಕ್ಕಡಗಾತ್ರಿ ಹರಿಹರ ತಾಲ್ಲೂಕಿನಲ್ಲಿ ತುಂಗಭದ್ರೆಯ ದಡದ ಮೇಲಿರುವ ಊರು. ಅಮಾವಾಸ್ಯೆ ಬಂತೆಂದರೆ ಕರಿಬಸವೇಶ್ವರ ಅಜ್ಜಯ್ಯನ ದರ್ಶನಕ್ಕೆ ನಾನಾ ಜಿಲ್ಲೆಗಳ ಜನ ಬಂದು ಸೇರುತ್ತಾರೆ. ದೂರದಿಂದ ಬಂದವರಿಗೆ ಅನ್ನವಿಕ್ಕುವ ದಾಸೋಹದ ಪದ್ಧತಿ ನಮ್ಮ ಸೀಮೆಯ ಮಠ, ಮಂದಿರಗಳಲ್ಲಿ ಇಂದು ನಿನ್ನೆಯದಲ್ಲ. ದೇವರಿಗೆ ಕೈಮುಗಿಯಲು ಬಂದವನು ಹಸಿದು ಹೋಗಬಾರದು ಎಂದು ನಮ್ಮ ಹಿರಿಯರು ತಿಳಿದಿದ್ದರು. ಆದರೆ ಅದೇ ಮನುಷ್ಯ ಟ್ರ್ಯಾಕ್ಟರಿನಲ್ಲಿ ಭತ್ತವನ್ನೋ ಮೆಕ್ಕೆಜೋಳವನ್ನೋ ಹೇರಿಕೊಂಡು ಹರಿಹರ ದಾಟಿ ದಾವಣಗೆರೆಗೆ ಬಂದಾಗ, ಒಂದು ಲೋಟ ಚಹಾದ ಮೇಲೆ ಮಧ್ಯಾಹ್ನ ಮೂರು ಗಂಟೆಯವರೆಗೆ ಕೂತಿರುತ್ತಾನೆ. ಊರಿಗೆಲ್ಲ ಅನ್ನ ತಂದವನೇ ಅಂದು ಉಪವಾಸ.

ಹಸಿವು ಮತ್ತು ಧಾರಣೆ

ನನ್ನದೇ ಒಂದು ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಮೆಕ್ಕೆಜೋಳ ಮಾರಲು ಒಂದು ಮಾರುಕಟ್ಟೆಗೆ ಹೋಗಿದ್ದೆ. ಊರಿನ ಹೆಸರು, ಅಂಗಡಿಯ ಹೆಸರು ಇಲ್ಲಿ ಬೇಡ. ಐವತ್ತು ಚೀಲ, ಸುಮಾರು 30 ಕ್ವಿಂಟಲ್ ಮಾಲು. ನಸುಕಿನ ನಾಲ್ಕಕ್ಕೆ ಮನೆ ಬಿಟ್ಟಿದ್ದೆ. ಅಂಗಡಿಯ ಮುಂದೆ ರಾಶಿ ಸುರಿದಾಯಿತು. ಜೊತೆಗೆ ಯಾರೂ ಇರಲಿಲ್ಲ. ರಾಶಿ ಬಿಟ್ಟು ಹೋದರೆ ದನ ಬಾಯಿ ಹಾಕುತ್ತವೆ, ಮಾದರಿ ನೋಡುವವರು ಮುಷ್ಟಿಗಟ್ಟಲೆ ಒಯ್ಯುತ್ತಾರೆ, ಟೆಂಡರ್ ಹೊತ್ತಿಗೆ ನಾನಿಲ್ಲದಿದ್ದರೆ ಏನಾಗುವುದೋ ಎಂಬ ಭಯ. ಹೀಗೆ ಅಲ್ಲೇ ಕೂತೆ. ಎರಡೂವರೆಗೆ ಧಾರಣೆ ತಿಳಿಯಿತು. ಪಕ್ಕದ ರಾಶಿಗಿಂತ ಕ್ವಿಂಟಲಿಗೆ 40 ರೂಪಾಯಿ ಕಡಿಮೆ. ಕಾಳು ನೋಡಿದರೆ ಎರಡೂ ಒಂದೇ ತರಹ.

ಟೆಂಡರಿನಲ್ಲಿ ಬಂದ ಬೆಲೆ ಒಪ್ಪಿಗೆಯಾಗದಿದ್ದರೆ ಬೇಡ ಎನ್ನುವ ಹಕ್ಕು ರೈತನಿಗೆ ಇದೆ. ಅದು ನನಗೂ ಗೊತ್ತಿತ್ತು. ಆದರೆ ಅಷ್ಟರಲ್ಲಿ ತಲೆ ಸಿಡಿಯುತ್ತಿತ್ತು. ಕೈಕಾಲಿನಲ್ಲಿ ತ್ರಾಣವಿರಲಿಲ್ಲ. ಎಷ್ಟು ಬೇಗ ಮನೆ ಸೇರಿದರೆ ಸಾಕು ಎನಿಸಿತ್ತು. ಆಗಲಿ ಎಂದು ತಲೆಯಾಡಿಸಿದೆ. ಊರಿಗೆ ಬರುವಾಗ ದಾರಿಯಲ್ಲಿ ಲೆಕ್ಕ ಹಾಕಿದೆ. 30 ಕ್ವಿಂಟಲಿಗೆ 40ರಂತೆ 1200 ರೂಪಾಯಿ. ಅಂದು ನಾನು ಉಳಿಸಿದ್ದು ಒಂದು ಊಟದ ದುಡ್ಡು, ಕಳೆದದ್ದು ಮನೆಮಂದಿಯ ಹಲವು ಊಟದ ದುಡ್ಡು.

ನನ್ನ ಎದುರಿಗೇ ಇನ್ನೊಬ್ಬ ಹಿರಿಯರಿದ್ದರು. ಅವರ ಮಗನೂ ಜೊತೆಗೆ ಬಂದಿದ್ದ. ಹನ್ನೊಂದು ಗಂಟೆಗೆ ಟ್ರ್ಯಾಕ್ಟರಿನ ನೆರಳಲ್ಲಿ ಕೂತು ಬುತ್ತಿ ಬಿಚ್ಚಿ ರೊಟ್ಟಿ ಉಂಡಿದ್ದರು. ಅವರ ಮಾಲಿಗೂ ಕಡಿಮೆ ಬೆಲೆಯೇ ಬಂತು. "ಇವತ್ತು ಬ್ಯಾಡ ಬಿಡ್ರಿ, ನಾಳೆ ನೋಡೋಣ" ಎಂದು ಸಮಾಧಾನದಿಂದ ಹೇಳಿ ರಾಶಿಗೆ ತಾಡಪಾಲು ಹೊದಿಸಿದರು. ಮರುದಿನ ಅವರಿಗೆ ಎಷ್ಟು ಸಿಕ್ಕಿತೋ ನಾನು ಕೇಳಲಿಲ್ಲ. ಆದರೆ ಬೇಡ ಎನ್ನುವ ಶಕ್ತಿ ಅವರಲ್ಲಿತ್ತು, ನನ್ನಲ್ಲಿರಲಿಲ್ಲ. ಆ ಶಕ್ತಿ ಎರಡು ರೊಟ್ಟಿಯಿಂದ ಬಂದದ್ದು.

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ಎಲ್ಲರೂ ಬಲ್ಲಿರಿ. ಪೇಟೆಯ ಮಟ್ಟಿಗೆ ಈ ಎರಡನ್ನೂ ಕೂಡಿಸಿ ಹೇಳಬೇಕು: ಉಂಡವನೇ ಮಾತಾಡಬಲ್ಲ.

ಇನ್ನೊಂದು ವಿಷಯವನ್ನೂ ಇಲ್ಲಿ ಹೇಳಲೇಬೇಕು. ದಲಾಲಿ ಅಂಗಡಿಯವರು ಚಹಾ ತರಿಸುತ್ತಾರೆ, ಕೆಲವರು ನಾಷ್ಟವನ್ನೂ ತರಿಸುತ್ತಾರೆ. ಅವರಲ್ಲಿ ಬಹಳ ಮಂದಿ ಪ್ರೀತಿಯಿಂದಲೇ ಕೊಡುತ್ತಾರೆ, ತಲೆಮಾರುಗಳ ನಂಟು ಅದು. ಆದರೆ ಒಬ್ಬರ ಅನ್ನ ಉಂಡು ಅವರ ಎದುರಿಗೇ "ಈ ಬೆಲೆ ಬೇಡ" ಎನ್ನುವುದು ನಮ್ಮಂಥವರಿಗೆ ಕಷ್ಟ. ದಾಕ್ಷಿಣ್ಯ ನಮ್ಮ ಜಾಯಮಾನ. ಆದುದರಿಂದ ವ್ಯವಹಾರ ಮುಗಿಯುವ ತನಕ ನಮ್ಮ ದುಡ್ಡಿನಲ್ಲಿ ನಾವು ಉಣ್ಣುವುದೇ ಲೇಸು. ವ್ಯವಹಾರ ಮುಗಿದ ಮೇಲೆ ಕೂಡಿ ಕೂತು ಚಹಾ ಕುಡಿಯೋಣ, ಯಾರೂ ಬೇಡ ಎನ್ನುವುದಿಲ್ಲ.

ದಾವಣಗೆರೆಯಲ್ಲಿ ಎಲ್ಲಿ ಉಣ್ಣಬಹುದು?

ಊಟದ ವಿಷಯದಲ್ಲಿ ದಾವಣಗೆರೆ ಬಡ ಊರಲ್ಲ. ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಇದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದರು. ಗಿರಣಿಯ ಕೆಲಸಗಾರರು, ಹಮಾಲರು, ಸಂತೆಗೆ ಬಂದ ಒಕ್ಕಲುಮಕ್ಕಳು ಇಂಥ ದುಡಿಯುವ ಜನರ ಹಸಿವೆಗೆ ತಕ್ಕ ತಿಂಡಿಗಳು ಇಲ್ಲಿ ಬೆಳೆದು ಬಂದಿವೆ. ಹೊತ್ತಿಗೆ ತಕ್ಕಂತೆ ಅವುಗಳನ್ನು ಹೀಗೆ ವಿಂಗಡಿಸಬಹುದು.

ಬೆಳಗಿನ ಹೊತ್ತು: ಬೆಣ್ಣೆ ದೋಸೆಯನ್ನು ಬಿಟ್ಟು ದಾವಣಗೆರೆಯ ಮಾತಿಲ್ಲ. ಚನ್ನಮ್ಮ ಎಂಬ ತಾಯಿ 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಮಕ್ಕಳೊಡನೆ ಇಲ್ಲಿಗೆ ಬಂದು ರಾಗಿ ದೋಸೆ ಮಾಡಿ ಮಾರತೊಡಗಿದರೆಂದೂ, ಹತ್ತು ವರ್ಷಗಳ ನಂತರ ಅವರ ಮಕ್ಕಳು ಅಕ್ಕಿ, ಉದ್ದು, ಮಂಡಕ್ಕಿ ಹಾಕಿ ರುಬ್ಬಿದ ಹಿಟ್ಟಿನಿಂದ ಈಗಿನ ದೋಸೆಯನ್ನು ರೂಢಿಗೆ ತಂದರೆಂದೂ ಊರಿನವರು ಹೇಳುತ್ತಾರೆ. ಕಟ್ಟಿಗೆಯ ಉರಿಯ ಮೇಲೆ ದಪ್ಪ ಕಬ್ಬಿಣದ ಹಂಚು, ಮೇಲೆ ಧಾರಾಳವಾಗಿ ಬೆಣ್ಣೆ, ಜೊತೆಗೆ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ. ಗಡಿಯಾರ ಕಂಬದ ಸುತ್ತಲೂ, ಪಿ.ಬಿ. ರಸ್ತೆಯಲ್ಲೂ, ಇನ್ನೂ ಅನೇಕ ಓಣಿಗಳಲ್ಲೂ ದೋಸೆ ಹೋಟೆಲುಗಳಿವೆ. ಹಂಚಿನಿಂದ ನೇರವಾಗಿ ತಟ್ಟೆಗೆ ಬೀಳುವ ಜಾಗದಲ್ಲಿ ತಿನ್ನಬೇಕು. ಕಟ್ಟಿಸಿಕೊಂಡು ಹೋದ ಬೆಣ್ಣೆ ದೋಸೆ ಅರ್ಧ ರುಚಿ ಕಳೆದುಕೊಂಡಿರುತ್ತದೆ. ಆದರೆ ಒಂದು ಮಾತು: ನಸುಕಿನಲ್ಲಿ ಎದ್ದು ಬಂದವನಿಗೆ ಎರಡು ದೋಸೆ ಮಧ್ಯಾಹ್ನದ ತನಕ ಮಾತ್ರ ಆಸರೆ. ಅದನ್ನೇ ಇಡೀ ದಿನದ ಊಟವೆಂದು ತಿಳಿಯಬಾರದು.

ಮಧ್ಯಾಹ್ನದ ಹೊತ್ತು: ದುಡಿಯುವ ದೇಹಕ್ಕೆ ಖಾನಾವಳಿಯ ಊಟಕ್ಕೆ ಸಮನಾದದ್ದಿಲ್ಲ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಹಸಿ ಈರುಳ್ಳಿ, ಮೊಸರು, ಕೊನೆಗೆ ಒಂದಿಷ್ಟು ಅನ್ನ ಸಾರು. ಇದರಲ್ಲಿ ಹಿಟ್ಟಿನ ಅಂಶವೂ ಇದೆ, ಕಾಳಿನ ಸತ್ವವೂ ಇದೆ, ತರಕಾರಿಯೂ ಇದೆ. ಹೊರಗಿನ ಫಲಕಕ್ಕಿಂತ ಒಳಗೆ ಕೂತವರನ್ನು ನೋಡಿ ಖಾನಾವಳಿಯನ್ನು ಆರಿಸಬೇಕು. ಹಮಾಲರು, ಲಾರಿ ಚಾಲಕರು ದಿನವೂ ಉಣ್ಣುವ ಕಡೆ ರೊಟ್ಟಿ ಹಳಸಿರುವುದಿಲ್ಲ, ಬೆಲೆಯೂ ಕೈಗೆಟುಕುವಂತಿರುತ್ತದೆ.

ಕೈಯಲ್ಲಿ ದುಡ್ಡು ಕಡಿಮೆ ಇದ್ದಾಗ ಇಂದಿರಾ ಕ್ಯಾಂಟೀನನ್ನು ಮರೆಯಬೇಡಿ. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಮೊದಲಾದ ಈ ವ್ಯವಸ್ಥೆ ನಂತರ ಜಿಲ್ಲಾ ಕೇಂದ್ರಗಳಿಗೂ ಬಂತು. ಬೆಳಗಿನ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಎಂದು ಆರಂಭದಲ್ಲೇ ಗೊತ್ತುಪಡಿಸಲಾಯಿತು. ಅಲ್ಲಿ ಸಾಲಿನಲ್ಲಿ ನಿಲ್ಲಲು ನಾಚಿಕೆಪಡುವ ರೈತರನ್ನು ನಾನು ನೋಡಿದ್ದೇನೆ. ನಾವು ಬೆಳೆದ ಅಕ್ಕಿಯನ್ನು ನಾವು ದುಡ್ಡು ಕೊಟ್ಟು ಉಣ್ಣುವುದರಲ್ಲಿ ನಾಚಿಕೆ ಏಕೆ?

ಸಂಜೆಯ ಹೊತ್ತು: ಮಂಡಕ್ಕಿ, ಮಿರ್ಚಿ. ಖಾರ ಮಂಡಕ್ಕಿ, ಒಗ್ಗರಣೆ ಮಂಡಕ್ಕಿ, ನರ್ಗೀಸ್ ಮಂಡಕ್ಕಿ, ಯಾವುದಾದರೂ ಸರಿ, ಬದಿಗೆ ಎರಡು ಬಿಸಿ ಮೆಣಸಿನಕಾಯಿ ಬಜ್ಜಿ ಇರಲೇಬೇಕು. ಈ ಮಂಡಕ್ಕಿ ಬರುವುದೂ ನಮ್ಮ ಭತ್ತದಿಂದಲೇ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆದು, ಉಪ್ಪುನೀರು ಹಚ್ಚಿ, ಕಾದ ಮರಳಿನಲ್ಲಿ ಹುರಿದಾಗ ಅಕ್ಕಿ ಅರಳಿ ಮಂಡಕ್ಕಿಯಾಗುತ್ತದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಬೆಂಕಿಯ ಮುಂದೆ ದುಡಿಯುವ ಕುಟುಂಬಗಳನ್ನು ನೆನೆಯದೆ ಅದನ್ನು ತಿನ್ನಬಾರದು. ಭದ್ರಾ ನಾಲೆಯ ಕೊನೆಯಂಚಿನಲ್ಲಿ ನೀರಿಗಾಗಿ ರಾತ್ರಿ ಕಾದು ನಾವು ಬೆಳೆದ ಭತ್ತ, ಅವರ ಕೈಯಲ್ಲಿ ಅರಳಿ, ಮತ್ತೆ ನಮ್ಮ ಮುಂದೆಯೇ ಬರುತ್ತದೆ. ಮಂಡಕ್ಕಿ ಹೊಟ್ಟೆಗೆ ಹಗುರ. ಬಸ್ಸಿಗೆ ಕಾಯುವಾಗಿನ ತಿಂಡಿಗೆ ಸರಿ. ಆದರೆ ಬೆಳಗಿನಿಂದ ಉಪವಾಸವಿದ್ದ ಹೊಟ್ಟೆಗೆ ನಾಲ್ಕು ಮಿರ್ಚಿ ಹಾಕಿದರೆ ರಾತ್ರಿಯೆಲ್ಲ ಉರಿ ತಪ್ಪದು.

ಎಲ್ಲಕ್ಕಿಂತ ಮೊದಲು ಬುತ್ತಿ: ಹೋಟೆಲು ಎಷ್ಟೇ ಚೆನ್ನಾಗಿರಲಿ, ರಾಶಿ ಬಿಟ್ಟು ಹೋಗಲಾಗದ ದಿನ ಬುತ್ತಿಯೇ ಗತಿ. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದೆರಡು ಈರುಳ್ಳಿ ಇದ್ದರೆ ಎರಡು ದಿನವೂ ಕೆಡುವುದಿಲ್ಲ. ಮೊಸರನ್ನದ ಬುತ್ತಿಯಾದರೆ ಬೇಸಿಗೆಯಲ್ಲಿ ಮಧ್ಯಾಹ್ನದೊಳಗೆ ಉಂಡು ಮುಗಿಸಬೇಕು. ಐದು ಲೀಟರ್ ಕ್ಯಾನಿನಲ್ಲಿ ಮನೆಯ ನೀರನ್ನು ಒಯ್ಯುವುದನ್ನು ಮರೆಯಬೇಡಿ.

ರುಚಿಯ ಜೊತೆಗೆ ಎಚ್ಚರ

ಪೇಟೆಯಲ್ಲಿ ಉಣ್ಣುವಾಗ ಕೆಲವು ಅಂಶಗಳನ್ನು ಗಮನಿಸತಕ್ಕದ್ದು.

1. ಚೀಲ ಮುಟ್ಟಿದ ಕೈಯನ್ನು ಸಾಬೂನು ಹಚ್ಚಿ ತೊಳೆಯದೆ ಊಟಕ್ಕೆ ಕೂರಬಾರದು. ಕಾಳಿಗೆ ಹಾಕಿದ ಔಷಧ, ಗೊಬ್ಬರದ ಹಳೆಯ ಚೀಲದ ಪುಡಿ, ರಾಶಿಯ ಧೂಳು ಇವೆಲ್ಲ ಕೈಗೆ ಅಂಟಿರುತ್ತವೆ. ಬರೀ ನೀರಿನಲ್ಲಿ ಅದ್ದಿ ತೆಗೆದರೆ ಹೋಗುವುದಿಲ್ಲ.

2. ಕಪ್ಪಾಗಿ, ನೊರೆ ಕಟ್ಟಿ, ಹೊಗೆಯಾಡುವ ಎಣ್ಣೆಯಲ್ಲಿ ಕರಿದ ಮಿರ್ಚಿ ಬೇಡ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಕೆಡುತ್ತದೆ. ಅಂಥ ಎಣ್ಣೆಯ ಬಳಕೆಗೆ 2018ರಿಂದ ದೇಶದಲ್ಲಿ ಕಾನೂನಿನ ಮಿತಿಯೂ ಇದೆ.

3. ಬಿಸಿ ಬಜ್ಜಿಯನ್ನು ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿಸಿಕೊಳ್ಳಬಾರದು. ಅಚ್ಚಿನ ಮಸಿ ಎಣ್ಣೆಗೆ ಇಳಿಯುತ್ತದೆ. ಎಲೆಯಲ್ಲೋ ತಟ್ಟೆಯಲ್ಲೋ ಕೇಳಿ ಪಡೆಯಿರಿ.

4. ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡೇ ಮನೆ ಬಿಡಬೇಕು. ಸಕ್ಕರೆ ಕಾಯಿಲೆಯವರು ಮಾತ್ರೆ ನುಂಗಿ ಊಟ ಬಿಡುವುದು ಅಪಾಯಕರ. ತಲೆ ಸುತ್ತಿ ಬೀಳುವ ಸಂಭವವಿದೆ.

5. ಹಣ ಎಣಿಸಿಕೊಂಡ ಮೇಲೆ ಊಟಕ್ಕೆ ಹೋಗುವುದಾದರೆ ಒಬ್ಬರೇ ಹೋಗಬೇಡಿ. ಊಟ ಎಂದು ಹೊರಟು ಮತ್ತೆಲ್ಲೋ ಕೂತು ಚೀಲ ಬರಿದು ಮಾಡಿಕೊಂಡವರ ಮನೆಯ ಕಷ್ಟ ಎಲ್ಲ ಊರಿನಲ್ಲೂ ಇದೆ. ಹೆಚ್ಚು ಬರೆಯುವ ಅಗತ್ಯವಿಲ್ಲ.

ಪ್ರಾಂಗಣದೊಳಗೇ ಊಟ ಸಿಗಬೇಕು

ಇಷ್ಟು ಹೇಳಿದ ಮೇಲೂ ಮೂಲ ತೊಂದರೆ ಹಾಗೆಯೇ ಉಳಿಯುತ್ತದೆ. ಊರಿನಲ್ಲಿ ನೂರು ಹೋಟೆಲಿದ್ದರೂ ರಾಶಿಯ ಮುಂದೆ ಕೂತವನಿಗೆ ಅವು ದೂರವೇ. ಹೆಂಗಸರ ಕಷ್ಟ ಇನ್ನೂ ಹೆಚ್ಚು. ತರಕಾರಿ ಬುಟ್ಟಿ ಹೊತ್ತು ನಸುಕಿನಲ್ಲೇ ಮಾರುಕಟ್ಟೆಗೆ ಬರುವ ನಮ್ಮ ತಾಯಂದಿರು, ಶೌಚಾಲಯ ಹತ್ತಿರವಿಲ್ಲದ ಕಡೆ ನೀರನ್ನೂ ಕುಡಿಯದೆ ಮಧ್ಯಾಹ್ನ ಮಾಡುತ್ತಾರೆ. ಮೂಟೆ ಹೊರುವ ಹಮಾಲರ ಪಾಡೂ ಬೇರೆಯಲ್ಲ.

ಆದ್ದರಿಂದ ಪ್ರತಿಯೊಂದು ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣದೊಳಗೂ ಮಾಲು ತಂದವರಿಗೆ ಬಿಸಿ ಊಟ ಸಿಗುವಂತೆ ಆಗಬೇಕು. ಇದು ಆಗದ ಮಾತಲ್ಲ. ರಾಜಸ್ಥಾನದಲ್ಲಿ ಮಂಡಿಗೆ ಮಾಲು ತಂದ ರೈತರಿಗೆ ಕಡಿಮೆ ದರದಲ್ಲಿ ಊಟ ಕೊಡುವ "ಕಿಸಾನ್ ಕಲೇವಾ" ಯೋಜನೆ ಇದೆ. ಕಲೇವಾ ಎಂದರೆ ನಮ್ಮ ಬುತ್ತಿಯಂತೆಯೇ. ಹರಿಯಾಣದ ಮಂಡಿಗಳಲ್ಲಿ ರೈತರಿಗೂ ಕೂಲಿಕಾರರಿಗೂ 10 ರೂಪಾಯಿಗೆ ಊಟ ಕೊಡುವ ಕ್ಯಾಂಟೀನುಗಳು ತೆರೆದವು. ಅಡಿಗೆಯ ಹೊಣೆಯನ್ನು ಮಹಿಳೆಯರ ಸ್ವಸಹಾಯ ಸಂಘಗಳಿಗೆ ವಹಿಸಿದರು. ಅಲ್ಲಿ ಸಾಧ್ಯವಾದದ್ದು ದಾಸೋಹದ ನಾಡಾದ ನಮ್ಮಲ್ಲಿ ಸಾಧ್ಯವಿಲ್ಲವೇ?

ಹಣ ಎಲ್ಲಿಂದ ಎಂದು ಕೆಲವರು ಕೇಳಬಹುದು. 1966ರ ನಮ್ಮ ಮಾರುಕಟ್ಟೆ ಕಾನೂನಿನಂತೆ ಮಾರುಕಟ್ಟೆ ಶುಲ್ಕವನ್ನು ಕೊಡುವವರು ಖರೀದಿದಾರರು. ಆದರೆ ಆ ಶುಲ್ಕ ಹುಟ್ಟುವುದು ನಾವು ತಂದ ರಾಶಿಯ ಮೇಲೆಯೇ. ಅದರಲ್ಲಿ ರಸ್ತೆ, ಗೋದಾಮು, ದೀಪಗಳಿಗೆ ಪಾಲಿರುವಂತೆ ಊಟದ ಮನೆಗೂ ಒಂದು ಪಾಲಿರುವುದು ನ್ಯಾಯ. ಸಮಿತಿಗಳ ಆದಾಯ ಸಾಲದು ಎಂಬ ಮಾತನ್ನೂ ಒಪ್ಪೋಣ. ಹಾಗಿದ್ದರೆ ಪುಕ್ಕಟೆ ಕೊಡುವುದು ಬೇಡ. ನನ್ನ ಅಭಿಪ್ರಾಯದಲ್ಲಿ ಪುಕ್ಕಟೆ ಊಟಕ್ಕಿಂತ ನ್ಯಾಯದ ಬೆಲೆಯ ಊಟವೇ ಮೇಲು. ದುಡ್ಡು ಕೊಟ್ಟವನು "ಸಾರು ನೀರಾಗಿದೆ" ಎಂದು ಗಟ್ಟಿಯಾಗಿ ಹೇಳಬಲ್ಲ. ಸಮಿತಿ ಒಂದು ಕೊಠಡಿ, ನೀರು, ವಿದ್ಯುತ್ತು ಒದಗಿಸಿದರೆ ಸಾಕು. ರೈತ ಭವನವಿರುವ ಕಡೆ ಅದರ ಒಂದು ಭಾಗವನ್ನೇ ಇದಕ್ಕೆ ಬಳಸಬಹುದು. ಅಡಿಗೆಯನ್ನು ಸುತ್ತಲಿನ ಹಳ್ಳಿಗಳ ಸ್ತ್ರೀಶಕ್ತಿ ಸಂಘಗಳಿಗೆ ವಹಿಸಿದರೆ ಜೋಳದ ರೊಟ್ಟಿ, ಮುದ್ದೆ, ಕಾಳುಸಾರು ಇವುಗಳನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಜೋಳ, ರಾಗಿ, ತೊಗರಿ, ತರಕಾರಿಗಳನ್ನು ಅಲ್ಲೇ ಬೆಳೆಗಾರರಿಂದ ಕೊಳ್ಳಬಹುದು. ಸಂಘದ ಹೆಣ್ಣುಮಕ್ಕಳಿಗೂ ಆದಾಯ, ನಮಗೂ ಮನೆಯ ರುಚಿ.

ಆದರೆ ಕಟ್ಟಡ ಕಟ್ಟಿ ಫಲಕ ಹಾಕಿದ ಮಾತ್ರಕ್ಕೆ ಊಟವಾಗುವುದಿಲ್ಲ. ಈ ಕೆಳಗಿನವು ಇದ್ದರೆ ಮಾತ್ರ ಅದು ರೈತನಿಗೆ ಉಪಯೋಗವಾದೀತು.

• ಬೆಳಗಿನ ತಿಂಡಿ ಗಾಡಿಗಳು ಪ್ರಾಂಗಣಕ್ಕೆ ಬರುವ ಹೊತ್ತಿಗೇ ಸಿದ್ಧವಿರಬೇಕು. ಮಧ್ಯಾಹ್ನದ ಊಟ ಟೆಂಡರಿನ ಬೆಲೆ ತಿಳಿಯುವ ಮೊದಲೇ ಸಿಗಬೇಕು, ಆಮೇಲಲ್ಲ.

• ಸುಗ್ಗಿಯಲ್ಲಿ ರಾತ್ರಿ ಉಳಿಯುವವರಿಗೆ ರಾತ್ರಿಯ ಊಟವೂ ಬೇಕು.

• ರಾಶಿ ಬಿಟ್ಟು ಬರಲಾಗದವರಿಗೆ ಡಬ್ಬಿಯಲ್ಲಿ ಅಲ್ಲಿಗೇ ತಲುಪಿಸುವ ಏರ್ಪಾಡಾಗಬೇಕು.

• ಕುಡಿಯುವ ನೀರು, ಕೈತೊಳೆಯಲು ಸಾಬೂನು, ಹೆಂಗಸರಿಗೆ ಪ್ರತ್ಯೇಕ ಶೌಚಾಲಯ ಹತ್ತಿರವೇ ಇರಬೇಕು.

• ಅಂದಿನ ಧಾರಣೆಯ ಫಲಕ ಊಟದ ಮನೆಯ ಗೋಡೆಯ ಮೇಲೂ ಇರಬೇಕು. ಉಣ್ಣುತ್ತಾ ನಾಲ್ಕು ಜನ ಸೇರಿ ಬೆಲೆಯ ಮಾತಾಡುವುದೇ ಒಂದು ಒಗ್ಗಟ್ಟು.

ನಾವೇ ಮಾಡಬೇಕಾದದ್ದು

ಸರ್ಕಾರ ಮಾಡಲಿ, ಸಮಿತಿ ಮಾಡಲಿ ಎಂದು ಕೈಕಟ್ಟಿ ಕೂರುವುದು ಒಕ್ಕಲುತನಕ್ಕೆ ತಕ್ಕುದಲ್ಲ. ಒಂದೇ ಊರಿನ ಮೂರು ನಾಲ್ಕು ಜನ ಮಾತಾಡಿಕೊಂಡು ಒಂದೇ ದಿನ ಮಾಲು ಒಯ್ಯೋಣ. ಆಗ ಒಬ್ಬರು ರಾಶಿ ಕಾಯ್ದರೆ ಉಳಿದವರು ಸರದಿಯಂತೆ ಉಂಡು ಬರಬಹುದು. ಗಾಡಿಯ ಬಾಡಿಗೆಯೂ ಹಂಚಿಹೋಗುತ್ತದೆ. ಮನೆಯ ಒಬ್ಬ ಮಗನನ್ನೋ ಮಗಳನ್ನೋ ಜೊತೆಗೆ ಕರೆದೊಯ್ದರೆ ಅವರಿಗೂ ಪೇಟೆಯ ವ್ಯವಹಾರ ತಿಳಿಯುತ್ತದೆ. ಮಾಲಿನ ಖರ್ಚಿನ ಲೆಕ್ಕ ಬರೆಯುವಾಗ ಬಾಡಿಗೆ, ಹಮಾಲಿಗಳ ಜೊತೆ "ಊಟ" ಎಂದು ಒಂದು ಸಾಲು ಮೊದಲೇ ಬರೆದು ಆ ದುಡ್ಡನ್ನು ಬೇರೆ ಇಟ್ಟುಕೊಳ್ಳೋಣ. ಎತ್ತಿಗೆ ಮೇವು ಹಾಕದೆ ನೊಗ ಹೂಡುವವನನ್ನು ನಾವು ಬಯ್ಯುತ್ತೇವೆ. ನಮ್ಮ ಮೈಗೂ ಅದೇ ನ್ಯಾಯ ಸಲ್ಲಬೇಡವೇ?

ಮಾರುಕಟ್ಟೆ ಸಮಿತಿಯಲ್ಲಿ ಕೃಷಿಕರಿಂದ ಆರಿಸಿ ಬರುವ ಸದಸ್ಯರಿಗೆ ಸ್ಥಾನವಿದೆ. ಮತ ಕೇಳಲು ಬಂದಾಗ ಗೋದಾಮು, ರಸ್ತೆಗಳ ಜೊತೆಗೆ ಊಟದ ಮನೆಯ ಮಾತನ್ನೂ ಕೇಳೋಣ. ಬರೆದು ಕೊಡೋಣ, ಮರುವರ್ಷ ನೆನಪಿಸೋಣ.

ಅಜ್ಜಯ್ಯನ ಸನ್ನಿಧಿಗೆ ಬರುವವನು ಹರಕೆಯ ಕಾಯಿ ತರುತ್ತಾನೆ. ಮಾರುಕಟ್ಟೆಗೆ ಬರುವವನು ಒಂದು ವರ್ಷದ ಬೆವರನ್ನು ತರುತ್ತಾನೆ. ಅಲ್ಲಿ ಎಲೆ ಹಾಕುವ ನಾಡು ಇಲ್ಲಿಯೂ ಎಲೆ ಹಾಕಲಿ. ಅಲ್ಲಿಯ ತನಕ, ಬಾಂಧವರೆ, ಮುಂದಿನ ಸಲ ಪೇಟೆಗೆ ಹೊರಡುವಾಗ ಬುತ್ತಿ ಕಟ್ಟಿಕೊಂಡೇ ಹೊರಡಿ. ಉಂಡು ಬೆಲೆ ಕೇಳಿ. ಬೆಲೆ ಹಿಡಿಸದಿದ್ದರೆ ತುಂಬಿದ ಹೊಟ್ಟೆಯಿಂದ ಬೇಡ ಎನ್ನಿ.